ಹೆಣ್ಣುಮಕ್ಕಳ ಪಂಕ್ತಿಗೆ ಎರಡೇ ರೊಟ್ಟಿ

ಈಚೆಗೆ ಮೊಣಕಾಲು ನೋವೆಂದು ಹಡಗಲಿಯ ಡಾಕ್ಟರ ಹತ್ತಿರ ಹೋಗಿದ್ದೆ. ಹೊಸದಾಗಿ ಬಂದ ಹುಡುಗ. ನಾನು ಟೀಚರಾಗಿದ್ದ ಶಾಲೆಯಲ್ಲಿ ಓದಿದ್ದರೆ ನನ್ನ ಕೈಯಿಂದ ಒಂದಾದರೂ ಏಟು ತಿಂದಿರುತ್ತಿದ್ದ. ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಅದರಲ್ಲಿ ಮೂಡಿದ ಅಂಕಿ ನೋಡಿ, ತನ್ನ ಮನೆಯದೇ ಏನೋ ಕುಸಿದು ಬಿದ್ದಂತೆ ಮುಖ ಮಾಡಿಕೊಂಡು, “ಅಮ್ಮಾರ, ಇನ್ಮ್ಯಾಲೆ ಊಟಕ್ಕ ಎರಡ ರೊಟ್ಟಿ ನೋಡ್ರಿ. ಮೂರನೇದು ಮುಟ್ಟಬ್ಯಾಡ್ರಿ” ಅಂದ.

ಹೇಳಿದ್ದರಲ್ಲಿ ತಪ್ಪೇನಿಲ್ಲ. ಮೆಟ್ಟಿಲು ಹತ್ತುವಾಗ ನನ್ನ ಕಾಲುಗಳು ಎಷ್ಟು ಗೋಳಾಡುತ್ತವೆಂದು ನನಗೇ ಗೊತ್ತು. ಆದರೆ “ಎರಡ ರೊಟ್ಟಿ” ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಸಿಟ್ಟು ನೆತ್ತಿಗೇರಿತು. ಚೀಟಿ ಇಸಿದುಕೊಂಡು ಹೊರಗೆ ಬಂದು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತರೂ ಇಳಿಯಲಿಲ್ಲ. ಪಾಪ, ಆ ಹುಡುಗನ ಮೇಲಿನ ಸಿಟ್ಟಲ್ಲ ಅದು. ಅವನಿನ್ನೂ ಹುಟ್ಟದಿದ್ದ ಕಾಲದ್ದು. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ. ಇಲ್ಲದಿದ್ದರೂ ಹೇಳುವವಳೇ, ಯಾಕೆಂದರೆ ಈಗ ಬಾಯಿಗೆ ಬಂದುಬಿಟ್ಟಿದೆ.

ಎಂಬತ್ತರ ದಶಕದ ಶುರುವಿನ ಮಾತು. ಹಿರೇಹಡಗಲಿಯಿಂದ ನನ್ನನ್ನು ಪಿಯುಸಿ ಓದಲು ಹಗರಿಬೊಮ್ಮನಹಳ್ಳಿಯ ಒಂದು ಹಾಸ್ಟೆಲ್ಲಿಗೆ ಸೇರಿಸಿದರು. ಸಂಸ್ಥೆಯ ಹೆಸರು ಬೇಡ. ಒಂದೇ ಕಾಂಪೌಂಡಿನಲ್ಲಿ ಹುಡುಗರದೊಂದು, ಹುಡುಗಿಯರದೊಂದು ಹಾಸ್ಟೆಲ್. ನಡುವೆ ಎತ್ತರದ ಗೋಡೆ, ಗೋಡೆಗೊಂದು ಸಣ್ಣ ಬಾಗಿಲು. ಅಡಿಗೆಮನೆ ಮಾತ್ರ ನಮ್ಮ ಕಡೆ ಇತ್ತು. ಬೆಳಿಗ್ಗೆ ಓದಲು ಕೂತರೆ ರೊಟ್ಟಿ ಬಡಿಯುವ ಸದ್ದು ಪಾಠಕ್ಕೆ ತಾಳ ಹಾಕಿದಂತೆ ಕೇಳುತ್ತಿತ್ತು. ಬಿಸಿ ಜೋಳದ ರೊಟ್ಟಿಯ ವಾಸನೆ ಕಿಟಕಿಯಿಂದ ಬಂದು ಪುಸ್ತಕದ ಮೇಲೇ ಕೂರುತ್ತಿತ್ತು. ನನ್ನ ಇತಿಹಾಸದ ಪಾಠದಲ್ಲಿ ಯಾವ ರಾಜ ಯಾರನ್ನು ಸೋಲಿಸಿದನೋ ಇವತ್ತಿಗೂ ನೆಟ್ಟಗೆ ಗೊತ್ತಿಲ್ಲ, ಕಾರಣ ಅದೇ.

ಆಮೇಲೆ ಬುಟ್ಟಿ ಬುಟ್ಟಿ ರೊಟ್ಟಿ ಆ ಸಣ್ಣ ಬಾಗಿಲಿನಿಂದ ಆಚೆ ಹೋಗುತ್ತಿದ್ದವು. ಹುಡುಗರಿಗೆ ಬೇಕಾದಷ್ಟು. ನಮಗೆ ಹೊತ್ತಿಗೆ ಎರಡು, ಮೇಲೊಂದು ಸೌಟು ಅನ್ನ. ಹೊಸದಾಗಿ ಬಂದಾಗ ನಾನು ಮೂರನೆಯದಕ್ಕೆ ತಟ್ಟೆ ಒಡ್ಡಿದ್ದೆ. ವಾರ್ಡನ್ ಅಕ್ಕೋರು, ನಾನೇನೋ ಅಸಹ್ಯದ ಮಾತಾಡಿದವಳಂತೆ ನೋಡಿ, “ಹೆಣ್ಮಕ್ಳ ಪಂಕ್ತಿಗೆ ಎರಡ. ಸಂಸ್ಥೆ ಅಧ್ಯಕ್ಷರು ಮಾಡಿದ ನೇಮ” ಅಂದರು. ಫೀಜು ಇಬ್ಬರಿಗೂ ಒಂದೇ, ಪರೀಕ್ಷೆ ಇಬ್ಬರಿಗೂ ಒಂದೇ. ನಮ್ಮ ಹೊಟ್ಟೆಯನ್ನು ಯಾರು, ಯಾವಾಗ ಒಳಗೆ ಇಣುಕಿ ಅಳತೆ ಮಾಡಿದರೋ ತಿಳಿಯದು.

ಹುಡುಗರಿಗೆ ಇಷ್ಟೂ ಸಾಲದೆ ಹೋದರೆ ಬಜಾರಿತ್ತು. ಸಂಜೆ ಹೋಟೆಲಿನ ಬೆಂಚಿನ ಮೇಲೆ ಕೂತು ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು, ಬಾಯಿ ಒರೆಸಿಕೊಂಡು ಬರುತ್ತಿದ್ದರು. ನಾವು ಹೋಟೆಲಿನಲ್ಲಿ ಕೂತರೆ ಊರಿನ ಮಾನ ಹೋಗುತ್ತಿತ್ತು. ಊರಿನ ಮಾನ ಒಂದು ಪ್ಲೇಟು ಮಿರ್ಚಿಗೆ ಹೋಗುವಷ್ಟು ಹಗುರವಾಗಿತ್ತೆಂದು ನಾನು ಆಗಲೇ ಅನ್ನುತ್ತಿದ್ದೆ. ಆದರೆ ಕೋಣೆಯೊಳಗೆ, ಬಾಗಿಲು ಹಾಕಿಕೊಂಡು.

ಕೋಣೆಯಲ್ಲಿ ನನ್ನ ಜೊತೆಗಿದ್ದವಳು ಕೊಟ್ರವ್ವ. ಉಜ್ಜಿನಿ ಹತ್ತಿರದ ಹಳ್ಳಿಯವಳು, ತಂದೆ ಗೋಡೆ ಕಟ್ಟುವ ಗೌಂಡಿ ಕೆಲಸದವರು. ಉದ್ದ ಕಾಲು, ಕಡ್ಡಿಯಂಥ ಕೈ. ಖೋ ಖೋ ಆಡಲು ಇಳಿದರೆ ಮಾತ್ರ ಅವಳನ್ನು ಹಿಡಿಯುವವರು ಇರಲಿಲ್ಲ. ಆಟದ ಟೀಚರಾಗಬೇಕೆಂಬುದು ಅವಳ ಆಸೆ. ಆ ತರಬೇತಿಗೆ ಅರ್ಜಿ ಹಾಕಬೇಕಾದರೆ ಡಾಕ್ಟರ ಸರ್ಟಿಫಿಕೇಟು ಬೇಕು. ಊರಿನ ಆಸ್ಪತ್ರೆಗೆ ಇಬ್ಬರೂ ಹೋದೆವು. ಅಲ್ಲಿದ್ದ ವಯಸ್ಸಾದ ಡಾಕ್ಟರು ಅವಳನ್ನು ತೂಕಕ್ಕೆ ನಿಲ್ಲಿಸಿ, ಕನ್ನಡಕ ಸರಿ ಮಾಡಿಕೊಂಡು ಮತ್ತೊಮ್ಮೆ ನೋಡಿದರು.

“ಇದಕ್ಕ ಸಹಿ ಮಾಡಾಕ ಬರಂಗಿಲ್ಲವ್ವಾ. ಮೈಯಾಗ ಏನೂ ಇಲ್ಲ ನಿನಗ. ಬ್ಯಾಸಗಿ ಹೊತ್ತಿಗೆ ತೂಕ ಮಾಡ್ಕೊಂಡು ಬಾ. ಹಾಲು, ತುಪ್ಪ ತಿನ್ನು.”

ಹಾಲು, ತುಪ್ಪ! ಹಾಸ್ಟೆಲ್ಲಿನ ಚಹಾದಲ್ಲಿ ಹಾಲು ಇದೆಯೆಂದು ನಾವು ನಂಬಿಕೆಯಿಂದ ಕುಡಿಯುತ್ತಿದ್ದವರು.

ಅಂದಿನಿಂದ ಕೊಟ್ರವ್ವನ ಮೈಗೆ ತೂಕ ಕೂಡಿಸುವುದೇ ನಮ್ಮ ಕೋಣೆಯ ಕೆಲಸವಾಯಿತು. ಮೊದಲು ಮಂಡಕ್ಕಿ ತರಿಸಿದೆವು. ಚೀಲದ ತುಂಬ ಬರುತ್ತದೆ, ಹೊಟ್ಟೆಯೂ ತುಂಬುತ್ತದೆ, ಆದರೆ ಗಾಳಿ ತಿಂದಂತೆ, ಮೈಗೆ ಹತ್ತುವುದಿಲ್ಲ. ನಮ್ಮವ್ವ ಕಳಿಸಿದ ತುಪ್ಪ ಗುಣದಲ್ಲಿ ಒಳ್ಳೆಯದೇ, ಆದರೆ ಅದಕ್ಕೆ ಬಾಯಿ ಜಾಸ್ತಿ; ಡಬ್ಬಿ ತೆಗೆದರೆ ಸಾಕು, ಪಡಸಾಲೆಯ ಕೊನೆಯ ಕೋಣೆಯವರೂ ರೊಟ್ಟಿ ಹಿಡಿದುಕೊಂಡು ಬಂದು ನಿಲ್ಲುತ್ತಿದ್ದರು. ಒಲೆ ಬೇಡದ, ಸದ್ದು ಮಾಡದ, ವಾಸನೆ ಬಿಡದ, ಟ್ರಂಕಿನಲ್ಲಿ ಬಟ್ಟೆಯ ಕೆಳಗೆ ಮಲಗಿರುವ ತಿನಿಸು ಬೇಕಿತ್ತು. ಅದು ನಮ್ಮ ಹೊಲದಲ್ಲೇ ಇತ್ತು: ಶೇಂಗಾ. ಹುರಿದ ಶೇಂಗಾ, ಮೇಲೊಂದು ಬೆಲ್ಲದ ಚೂರು, ಸಿಕ್ಕರೆ ಒಣಕೊಬ್ಬರಿ. ಲಂಗದ ಕಿಸೆಯಲ್ಲಿ ಹಾಕಿಕೊಂಡರೆ ಕಾಲೇಜಿಗೆ ಹೋಗುವ ದಾರಿಯಲ್ಲಿ, ಬಟ್ಟೆ ಒಗೆಯುವಾಗ, ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗ, ಎಲ್ಲೆಂದರಲ್ಲಿ ತಿನ್ನಬಹುದು. ಕೊಟ್ರವ್ವ ಇಡೀ ದಿನ ಮೆಲುಕು ಹಾಕುತ್ತಿದ್ದಳು. ಅವಳಿಗೆ ಜೊತೆಯಾಗಲೆಂದು ನಾನೂ ತಿನ್ನುತ್ತಿದ್ದೆ. ಅವಳ ಕೆನ್ನೆ ಕಾಣುವಂತೆ ತುಂಬುವ ಹೊತ್ತಿಗೆ ನನ್ನ ಕುಪ್ಪಸದ ಹೊಲಿಗೆಗಳನ್ನು ಬಿಚ್ಚಬೇಕಾಯಿತು. ಸ್ನೇಹಕ್ಕಾಗಿ ನಾನು ಹೊತ್ತ ಭಾರ ಅದು.

ಒಂದು ದಿನ ಕಸ ಗುಡಿಸುವಾಗ ನಮ್ಮ ಮಂಚದ ಕೆಳಗಿನಿಂದ ಶೇಂಗಾದ ಸಿಪ್ಪೆ ಹೊರಬಂತು. ವಾರ್ಡನ್ ಅಕ್ಕೋರು ಎಲ್ಲ ಕೋಣೆಗಳ ಟ್ರಂಕುಗಳನ್ನೂ ತೆಗೆಸಿದರು. ನಮ್ಮ ಶೇಂಗಾ, ಯಾರದೋ ಎಳ್ಳುಂಡೆ, ಯಾರದೋ ಚಕ್ಕುಲಿ, ಒಬ್ಬಳ ಅಜ್ಜಿ ಕಟ್ಟಿಕೊಟ್ಟ ತಂಬಿಟ್ಟು, ಎಲ್ಲವೂ ಪಡಸಾಲೆಯಲ್ಲಿ ರಾಶಿಯಾಗಿ ಬಿದ್ದವು. ಕದ್ದ ಮಾಲು ಹಿಡಿದಂತಿತ್ತು ನೋಟ.

“ಇಲಿ ಬರ್ತಾವು, ಇರಿವಿ ಬರ್ತಾವು. ಓದಾಕ ಬಂದೀರೋ, ಬಾಯಾಡಸಾಕ ಬಂದೀರೋ? ಹೆಣ್ಮಕ್ಳಿಗೆ ಇಷ್ಟು ಬಾಯಿಚಪಲ ಇರಬಾರದು.”

ಎಲ್ಲವನ್ನೂ ಉಗ್ರಾಣಕ್ಕೆ ಹಾಕಿ ಬೀಗ ಜಡಿದರು. ಸ್ವತಃ ಅವರೇ ತಿಂದಿದ್ದರೆ ನನಗೆ ಅಷ್ಟು ಬೇಜಾರಾಗುತ್ತಿರಲಿಲ್ಲ. ತಿನ್ನಲೂ ಇಲ್ಲ, ಕೊಡಲೂ ಇಲ್ಲ. ಒಳಗೇ ಮುಗ್ಗಿದವು. ಅವ್ವಂದಿರು ಬಿಸಿಲಲ್ಲಿ ಕೂತು ಸುಲಿದು, ಹುರಿದು, ಬಟ್ಟೆಯಲ್ಲಿ ಕಟ್ಟಿ, ಬಸ್ಸಿನ ಕಂಡಕ್ಟರನ ಕೈಕಾಲು ಹಿಡಿದು ಕಳಿಸಿದ್ದು ಹುಳುಗಳ ಪಾಲಾಯಿತು. 

ಕೊಟ್ರವ್ವ ಮಾತ್ರ ಟ್ರಂಕಿನಿಂದ ಚೆಲ್ಲಿದ ಬಟ್ಟೆಗಳನ್ನು ಒಂದೊಂದಾಗಿ ಮಡಚಿ ಒಳಗಿಟ್ಟಳು. ಸಿಟ್ಟಿನಲ್ಲಿ ಅವಳು ಹೀಗೆ ಕೆಲಸಕ್ಕಿಳಿದರೆ ನನಗೆ ಹೆದರಿಕೆಯಾಗುತ್ತಿತ್ತು.

ಆಮೇಲೆ ಬಂತು ಅಧ್ಯಕ್ಷರ ಭೇಟಿ. ಅವರು ಊರಿನ ದೊಡ್ಡ ವ್ಯಾಪಾರಿ. ಎಲ್ಲರೂ ಸಾವ್ಕಾರ್ರು ಅನ್ನುತ್ತಿದ್ದರು. ಪ್ರತಿ ಸಲ ಹುಡುಗರ ಕಡೆ ಉಂಡು ಹೋಗುವವರು ಆ ವರ್ಷ ಏನನ್ನಿಸಿತೋ, “ಈ ಸಲ ನಮ್ಮ ಹೆಣ್ಮಕ್ಳ ಕೂಡ ಊಟ” ಎಂದು ಹೇಳಿಕಳಿಸಿದರು. ಬದನೆಕಾಯಿ ಎಣ್ಣೆಗಾಯಿ ಆಯಿತು, ಶೇಂಗಾ ಹೋಳಿಗೆಯೂ ಆಯಿತು. ಸಾವ್ಕಾರ್ರು ನಮ್ಮ ಸಾಲಿನಲ್ಲೇ ಚಕ್ಕಳಮಕ್ಕಳ ಹಾಕಿ ಕೂತರು. ಕೆಟ್ಟ ಮುಖದವರಲ್ಲ, ಬಿಳಿ ಮೀಸೆ, ನಗು ಮೋರೆ. ಬಡಿಸುವ ಸರದಿ ನಮ್ಮ ಕೋಣೆಯದು. ನನ್ನ ಕೈಯಲ್ಲಿ ಪಲ್ಯದ ಪಾತ್ರೆ, ಕೊಟ್ರವ್ವನ ಕೈಯಲ್ಲಿ ರೊಟ್ಟಿಯ ಬುಟ್ಟಿ.

ಸಾವ್ಕಾರ್ರಿಗೆ ಎರಡು ರೊಟ್ಟಿ ಹಾಕಿ ಅವಳು ಮುಂದೆ ಹೋದಳು. ಅವರು ಚಪ್ಪರಿಸಿಕೊಂಡು ಉಂಡರು. ಆಮೇಲೆ ತಲೆ ಎತ್ತಿ, “ಯವ್ವಾ, ರೊಟ್ಟಿ ತಗೊಂಬಾ” ಅಂದರು.

ಕೊಟ್ರವ್ವ ಬುಟ್ಟಿ ಹಿಡಿದುಕೊಂಡು ಬಂದು ಎದುರಿಗೆ ನಿಂತಳು. ಬುಟ್ಟಿ ಅರ್ಧಕ್ಕಿಂತ ಹೆಚ್ಚು ತುಂಬಿತ್ತು.

“ಇಲ್ರಿ ಅಜ್ಜಾರ. ನಿಮ್ಮವು ಎರಡೂ ಆದುವಲ್ರಿ.”

ಅವರು ಚೇಷ್ಟೆ ಎಂದುಕೊಂಡು ನಕ್ಕರು. “ಬುಟ್ಟ್ಯಾಗ ಅದಾವಲ್ಲವ್ವಾ?”

“ಅದಾವ್ರಿ. ಆದ್ರ ಹೆಣ್ಮಕ್ಳ ಪಂಕ್ತಿಗೆ ಎರಡ ಅಂತ ನೀವ ಮಾಡೀರಂತ್ರಿ.”

ವಾರ್ಡನ್ ಅಕ್ಕೋರ ಮುಖದ ಬಣ್ಣ ಇಳಿಯಿತು. ನಾನು ಪಲ್ಯದ ಪಾತ್ರೆ ಹಿಡಿದು ಕಂಬದ ಹಿಂದೆ ಸರಿದೆ. ಕಂಬ ಸಣ್ಣದು, ನಾನು ಆಗಲೇ ದೊಡ್ಡವಳು.

ಸಾವ್ಕಾರ್ರ ನಗು ಹೋಯಿತು. “ಯಾಕ, ಎರಡಕ್ಕ ನಿಮ್ಮ ಹೊಟ್ಟಿ ತುಂಬಂಗಿಲ್ಲೇನು?”

“ನಿಮ್ದು ತುಂಬಿತೇನ್ರಿ?” ಎಂದಳು ಕೊಟ್ರವ್ವ.

ಧ್ವನಿ ಏರಿಸಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದಂತಿತ್ತು. ಅವರು ತಟ್ಟೆಯಲ್ಲೇ ಕೈ ತೊಳೆದು ಎದ್ದು ಹೋದರು. ಹೋಳಿಗೆ ಹಾಗೇ ಉಳಿಯಿತು.

ಮರುದಿನ ಅವಳ ತಂದೆಯನ್ನು ಕರೆಸಿದರು. ಅಂಗಿಯ ತೋಳಿನಲ್ಲಿ ಸಿಮೆಂಟಿನ ಧೂಳು ಹಾಗೇ ಇತ್ತು. ಕೆಲಸ ಬಿಟ್ಟು ಬಂದಿದ್ದರು. ನಿಮ್ಮ ಮಗಳು ದೊಡ್ಡವರ ಊಟ ಕೆಡಿಸಿದ್ದಾಳೆ, ತಪ್ಪಾಯಿತೆಂದು ಹೇಳಬೇಕು, ಇಲ್ಲವಾದರೆ ಗಂಟುಮೂಟೆ ಕಟ್ಟಿಕೊಂಡು ಹೊರಡಲಿ ಎಂದರು ಅಕ್ಕೋರು. ಆ ತಂದೆ ಎಲ್ಲ ಕೇಳಿಸಿಕೊಂಡು ಮಗಳ ಕಡೆ ತಿರುಗಿ, “ಹೊಟ್ಟಿ ತುಂಬ ಹಾಕ್ತಾರೇನವ್ವಾ ನಿನಗ?” ಎಂದರು.

“ಇಲ್ಲಪ್ಪ.”

“ಮತ್ತ ಆಕಿ ತಪ್ಪೇನೈತ್ರಿ ಅಕ್ಕೋರ?”

ಪಡಸಾಲೆಯಲ್ಲಿ ನಿಂತು ನಾವೆಲ್ಲ ಅದನ್ನು ಕೇಳಿದೆವು. ಮಧ್ಯಾಹ್ನ ಊಟದ ಗಂಟೆ ಹೊಡೆಯಿತು, ಯಾರೂ ಹೋಗಲಿಲ್ಲ. ಯಾರು ಮೊದಲು ಹೇಳಿದರೆಂದು ನನಗೆ ನೆನಪಿಲ್ಲ, ಯಾರೂ ಹೇಳಿರಲಿಕ್ಕಿಲ್ಲ. ಸಂಜೆಯೂ ಹೋಗಲಿಲ್ಲ. ಹೊಟ್ಟೆ ತುಂಬ ಊಟ ಬೇಕೆಂದು ಉಪವಾಸ ಕೂತವರು ನಾವು, ಅದರಲ್ಲೂ ತೂಕ ಹೆಚ್ಚಿಸಿಕೊಳ್ಳಬೇಕಾದವಳು ಎಲ್ಲರಿಗಿಂತ ಮುಂದೆ! “ಲೇ, ನಿನ್ನ ಶೇಂಗಾ ಎಲ್ಲಾ ಕರಗತಾವಲ್ಲೇ” ಎಂದು ನಾನು ಗೋಗರೆದರೆ, “ಕರಗಲಿ ಬಿಡು, ಆಮ್ಯಾಲೆ ತಿಂತೀನಿ” ಎಂದು ಗೋಡೆಗೊರಗಿ ಕೂತಳು. ರೊಟ್ಟಿ ಬಡಿಯುವ ಹೆಂಗಸರು ಯಾರೂ ಮುಟ್ಟದ ಬುಟ್ಟಿಗಳನ್ನು ಎತ್ತಿಕೊಂಡು ಹೋಗಿ ಅಕ್ಕೋರ ಕೋಣೆಯ ಮುಂದೆ ಇಟ್ಟರು. ಸುದ್ದಿ ಬಜಾರಿಗೆ ಹೋಯಿತು. ಊರಿನ ಮಾನ ಈಗ ನಿಜವಾಗಿಯೂ ಅಲುಗಾಡಿತು.

ಮಾರನೆಯ ದಿನ ಬೆಳಿಗ್ಗೆ ರೊಟ್ಟಿಯ ಬುಟ್ಟಿಯನ್ನು ಪಂಕ್ತಿಯ ನಡುವೆ ಇಟ್ಟಿದ್ದರು. ಯಾರೂ ಎಣಿಸಲಿಲ್ಲ. ತಪ್ಪಾಯಿತೆಂದು ಅವರೂ ಅನ್ನಲಿಲ್ಲ, ನಾವೂ ಅನ್ನಲಿಲ್ಲ. ಕೊಟ್ರವ್ವ ಆ ದಿನ ಎಷ್ಟು ತಿಂದಳೆಂದು ನಾನು ಬರೆದರೆ ನೀವು ನಂಬುವುದಿಲ್ಲ.

ಬೇಸಿಗೆಯಲ್ಲಿ ಆಸ್ಪತ್ರೆಗೆ ಹೋಗುವ ಮೊದಲು, ಯಾವುದಕ್ಕೂ ಇರಲೆಂದು ಬಸ್ ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಕೊಂಡು ಅವಳಿಗೆ ತಿನ್ನಿಸಿ, ಮೇಲೆ ಹೊಟ್ಟೆ ಉಬ್ಬುವಷ್ಟು ನೀರು ಕುಡಿಸಿದೆ. ಅದೇ ಡಾಕ್ಟರು ತೂಕ ನೋಡಿ, ಅವಳ ಹೊಟ್ಟೆ ನೋಡಿ, “ಬಾಳೆಹಣ್ಣು ತಿಂದು ಬಂದೀಯೇನವ್ವಾ?” ಎಂದರು. “ಹೂನ್ರಿ” ಎಂದಳು. ಸುಳ್ಳು ಹೇಳಲು ಬಾರದವಳು. ಅವರು ನಕ್ಕು ಸಹಿ ಹಾಕಿದರು. ಅವಳು ಆಟದ ಟೀಚರಾದಳು. ಕಾನಹೊಸಹಳ್ಳಿಯಲ್ಲಿ ಮನೆ ಮಾಡಿ, ಸುತ್ತಲಿನ ಶಾಲೆಗಳ ಹುಡುಗಿಯರನ್ನು ಓಡಿಸಿ ಓಡಿಸಿ ನಿವೃತ್ತಳಾದಳು.

ಕತೆ ಇಲ್ಲಿಗೇ ಮುಗಿದಿದ್ದರೆ ನನ್ನ ಸಿಟ್ಟೂ ಮುಗಿಯುತ್ತಿತ್ತೇನೋ. ಈಚೆಗೆ ಮೊಣಕಾಲಿಗೆಂದು ಆ ಹುಡುಗ ಡಾಕ್ಟರನ್ನು ನೋಡಿ ಬಂದ ಕೆಲವು ದಿನಗಳಿಗೆ ಹಾಸ್ಟೆಲ್ಲಿನ ಹಳೆಯ ವಿದ್ಯಾರ್ಥಿನಿಯರ ಸಮಾರಂಭಕ್ಕೆ ಕರೆ ಬಂತು. ಕೊಟ್ರವ್ವನೂ ಬಂದಿದ್ದಳು, ಈಗಲೂ ಕಡ್ಡಿ. ಇಬ್ಬರೂ ಹಿಂದಿನ ಕುರ್ಚಿಗಳಲ್ಲಿ ಕೂತೆವು. ಮುಂದೆ ಜಮಖಾನದ ಮೇಲೆ ಈಗಿನ ಹುಡುಗಿಯರು. ಸಾವ್ಕಾರ್ರ ಮಗ ಭಾಷಣಕ್ಕೆ ನಿಂತು, ತಂದೆಯ ದೊಡ್ಡ ಮನಸ್ಸಿನ ಕತೆ ಹೇಳಿದರು. ಒಮ್ಮೆ ಅವರು ಇಲ್ಲಿ ಊಟಕ್ಕೆ ಕೂತಾಗ ಒಬ್ಬ ಬಡ ಹುಡುಗಿ ಅಳುತ್ತ ಬಂದು ಕೈಚಾಚಿ ಇನ್ನೊಂದು ರೊಟ್ಟಿ ಬೇಡಿದಳಂತೆ. ಅವರ ಕರುಳು ಕರಗಿ, ತಮ್ಮ ತಟ್ಟೆಯ ರೊಟ್ಟಿಯನ್ನೇ ಕೊಟ್ಟು, ಅಂದಿನಿಂದ ಎಲ್ಲರಿಗೂ ಹೊಟ್ಟೆ ತುಂಬ ಹಾಕಿಸಿದರಂತೆ. ಸಭೆ ಚಪ್ಪಾಳೆ ತಟ್ಟಿತು.

ನಾನು ಕೊಟ್ರವ್ವನ ಮುಖ ನೋಡಿದೆ. “ಬಿಡ ಲೇ,” ಎಂದಳು, “ರೊಟ್ಟಿ ಸಿಕ್ವಲ್ಲ.” ನನ್ನ ಸೆರಗನ್ನೂ ಹಿಡಿದುಕೊಂಡಳು.

ಕಂಬದ ಹಿಂದೆ ನಿಲ್ಲುವ ಮೈ ಈಗ ನನಗಿಲ್ಲ. ಕುರ್ಚಿ ಹಿಡಿದು ಎದ್ದೆ. ಮೈಕು ಬೇಕಾಗಲಿಲ್ಲ, ಜೀವಮಾನವೆಲ್ಲ ಮಗ್ಗಿ ಹೇಳಿಸಿದ ಗಂಟಲು.

“ಆಕಿ ಅತ್ತಿಲ್ರಿ. ಕೈ ಚಾಚಿಲ್ರಿ. ಬುಟ್ಟಿ ಆಕಿ ಕೈಯಾಗ ಇತ್ತು. ರೊಟ್ಟಿ ಕೇಳಿದವರು ನಿಮ್ಮ ತಂದಿಯೋರು. ಆಕಿ ಕೊಡಲಿಲ್ಲ.”

ನಡೆದದ್ದನ್ನೆಲ್ಲ ಹೇಳಿದೆ. ಶೇಂಗಾವನ್ನೂ ಬಿಡಲಿಲ್ಲ. ಜಮಖಾನದ ಹುಡುಗಿಯರೆಲ್ಲ ವೇದಿಕೆಗೆ ಬೆನ್ನು ಹಾಕಿ ಹಿಂದಕ್ಕೆ ತಿರುಗಿ ಕೂತರು. ಮುಂದಿದ್ದ ಒಬ್ಬಳು, “ಆ ಹುಡುಗಿ ಯಾರ್ರಿ ಅಕ್ಕೋರ?” ಎಂದಳು.

ಸೆರಗು ಹಿಡಿದಿದ್ದ ಕೈ ಸಡಿಲಾಯಿತು. ಕೊಟ್ರವ್ವ ತಾನೇ ಎದ್ದು ನಿಂತಳು. ಆಟದ ಬಯಲಿನಲ್ಲಿ ಹುಡುಗಿಯರನ್ನು ಸಾಲು ಹಚ್ಚಿಸುವ ಧ್ವನಿಯಲ್ಲಿ ಒಂದೇ ಮಾತು ಕೇಳಿದಳು.

“ಈಗ ನಿಮಗ ಹೊಟ್ಟಿ ತುಂಬ ಹಾಕ್ತಾರೇನು?”

ಹುಡುಗಿಯರು ವೇದಿಕೆಯ ಕಡೆ ಕಣ್ಣು ಹಾಯಿಸಿ, ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ವೇದಿಕೆಯ ಮೇಲೆ ಭಾಷಣ ಮತ್ತೆ ಶುರುವಾಯಿತು. ನಾವಿಬ್ಬರೂ ಅದು ಮುಗಿಯಲು ಕಾಯದೆ, ರೊಟ್ಟಿಯ ಬುಟ್ಟಿ ನಾವೇ ನೋಡೋಣವೆಂದು ಅಡಿಗೆಮನೆಯ ಕಡೆ ನಡೆದೆವು.