ತುಕ್ಕಿನ ಕೈಯ ಆರ್ವಿಡ್

ನನ್ನ ಹೆಂಡತಿಯ ಅಣ್ಣ ಆರ್ವಿಡ್ ಮುಟ್ಟಿದ ಕಬ್ಬಿಣಕ್ಕೆ ಮರುದಿನವೇ ತುಕ್ಕು. ಉತ್ಪ್ರೇಕ್ಷೆಯಲ್ಲ, ಕೆಲವರ ಬೆವರೇ ಹಾಗೆ, ಉಕ್ಕಿಗೆ ಆಗಿಬರುವುದಿಲ್ಲ. ಬೇರೆ ಕಡೆ ಆಗಿದ್ದರೆ ಇದನ್ನು ಯಾರೂ ಗಮನಿಸುತ್ತಿರಲಿಲ್ಲ. ಮೊಂಟಾನಾದ ನಮ್ಮೂರಿನಲ್ಲಿ ಕೋವಿ ಇಲ್ಲದ ಮನೆಯಿಲ್ಲ. ಆರ್ವಿಡ್ ಬಂದನೆಂದರೆ ಜನ ಮೊದಲು ಕೋವಿ ಎತ್ತಿ ಒಳಗಿಡುತ್ತಾರೆ, ಆಮೇಲೆ ಕಾಫಿ ಕೊಡುತ್ತಾರೆ. ಅರವತ್ತೆಂಟಾದರೂ ಅವನಿಗೆ ಮದುವೆಯಿಲ್ಲ. ಉಂಗುರ ತುಕ್ಕು ಹಿಡಿದೀತೆಂದು ಹುಡುಗಿಯರು ಹೆದರಿದರು ಎಂದು ನಾನು ರೇಗಿಸುತ್ತೇನೆ.

"ನಿನ್ನ ಕಟ್ಕೊಂಡು ನನ್ ತಂಗಿ ಪಡೋ ಪಾಡು ನೋಡೇ ನಾನು ಮದ್ವೆ ಬೇಡ ಅಂದಿದ್ದು ಕಣೋ ಲೀಲಂಡ್" ಎನ್ನುತ್ತಾನೆ ಅವನು.

ನನ್ನ ಮಾವ, ಆರ್ವಿಡ್‌ನ ಅಪ್ಪ ಹಾಲ್ವರ್, ಹಾರಿಸಿದ ತೋಟಾದ ಹಿತ್ತಾಳೆ ಕೊಳವೆಯನ್ನು ಎಸೆದವರೇ ಅಲ್ಲ. ನೆಲಮಾಳಿಗೆಯ ಬೆಂಚಿನ ಮೇಲೆ ಅವರದೊಂದು ಎರಕದ ಕಬ್ಬಿಣದ ಪ್ರೆಸ್ಸು. ಹಿಡಿ ಎಳೆದರೆ ಉಬ್ಬಿದ ಕೊಳವೆ ಅಚ್ಚಿನೊಳಗೆ ಹೋಗಿ ಮೊದಲಿನ ಅಳತೆಗೆ ಬರುತ್ತದೆ, ಮತ್ತೆ ಮದ್ದು ತುಂಬಿಕೊಳ್ಳಲು ತಯಾರು. ನಮ್ಮ ಕಡೆ ಗಂಡಸರು ಮನೆಯಲ್ಲಿ ಬಾಯಿ ಬಿಡುವುದು ಕಡಿಮೆ. ಆ ಬೆಂಚಿನ ಮುಂದೆ ಕೂತಾಗ ಮಾತ್ರ ಅಪ್ಪಂದಿರು ಮಕ್ಕಳ ಜೊತೆ ಮಾತಾಡುತ್ತಾರೆ. ಹನ್ನೆರಡನೆಯ ವಯಸ್ಸಿನಲ್ಲಿ ಆರ್ವಿಡ್ ಒಂದೇ ಒಂದು ಸಲ ಆ ಹಿಡಿ ಎಳೆದ. ಮರುದಿನ ನೋಡಿದರೆ ಹಿಡಿಯ ಮೇಲೆ, ಅಚ್ಚಿನ ಮೇಲೆ, ಎಲ್ಲೆಲ್ಲೂ ಕಂದು ಬೆರಳಗುರುತುಗಳು.

"ನಿನ್ ಕೈಗೆ ಇದು ಹೇಳಿದ್ದಲ್ಲ ಮಗನೇ. ಮೆಟ್ಟಿಲ ಮೇಲೆ ಕೂತ್ಕೊಂಡು ನೋಡು" ಎಂದರಂತೆ ಮಾವ. ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಅವನಿಗಿಂತ ನಾಲ್ಕು ವರ್ಷ ಚಿಕ್ಕವಳು ಮಾರ್ಲಿಸ್, ಈಗ ನನ್ನ ಹೆಂಡತಿ, ಅಪ್ಪನ ಪಕ್ಕ ಕೂತು ಹಿಡಿ ಎಳೆಯುತ್ತಿದ್ದಳು. ಇವನು ಮೆಟ್ಟಿಲ ಮೇಲೆ. ಅಪ್ಪನ ಬೆಂಚಿನ ಮುಂದೆ ಕೂತು ಇನ್ನೊಮ್ಮೆ ಆ ಹಿಡಿ ಎಳೆಯಬೇಕು ಎನ್ನುವುದೊಂದು ಆಸೆ ಬಿಟ್ಟರೆ ಅವನು ಬದುಕಿನಲ್ಲಿ ಬೇರೇನನ್ನೂ ಕೇಳಿದವನಲ್ಲ. ಒಮ್ಮೆ ಮೀನು ಹಿಡಿಯಲು ಹೋದಾಗ ನನಗೆ ಹೇಳಿದ್ದ. ನಾನು ಏನೋ ತಮಾಷೆ ಮಾಡಿದೆ. ಆ ತಮಾಷೆಗೆ ಇವತ್ತಿಗೂ ನನಗೆ ನಾಚಿಕೆಯಿದೆ.

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎನ್ನುತ್ತಾರಲ್ಲ, ಹಾಗಾಯಿತು. ಊರ ಶಾಲೆಯನ್ನು ಬೆಚ್ಚಗಿಡುವ ಬಾಯ್ಲರ್ ನೋಡಿಕೊಳ್ಳುವ ಕೆಲಸದ ಜೊತೆಗೇ ಆರ್ವಿಡ್ ತುಕ್ಕಿನ ವೈದ್ಯನಾದ. ರಬ್ಬರ್ ಕೈಗವಸು ತೊಟ್ಟು ಊರವರ ಪ್ರೆಸ್ಸು, ಅಚ್ಚುಗಳನ್ನೆಲ್ಲ ಹೊಸದು ಮಾಡಿಕೊಟ್ಟ. ಯಾರಾದರೂ ರೂಬಾರ್ಬಿನ ಹುಳಿದಂಟು ತುಂಬಿ ಬೇಯಿಸಿದ ಪೈ ತಂದುಕೊಟ್ಟರೆ ಅದೇ ಕೂಲಿ.

ಮಾವ ತೀರಿಕೊಂಡಾಗ ಪ್ರೆಸ್ಸು ಮಾರ್ಲಿಸ್‌ಗೆ ಬಂತು. ಅವಳು ಅದನ್ನು, ಅಪ್ಪ ಹದ ಮಾಡಿದ್ದ ಎಲ್ಕ್ ಜಿಂಕೆಯ ಚರ್ಮದಲ್ಲಿ ಮಗುವಿನ ಹಾಗೆ ಸುತ್ತಿ ಪೆಟ್ಟಿಗೆಯಲ್ಲಿಟ್ಟಳು. ಬೇಟೆಗಾರನ ಮಗಳು! ಉಪ್ಪು ಹಾಕಿ ಹದ ಮಾಡಿದ ಚರ್ಮ ತೇವ ಎಳೆಯುತ್ತದೆ, ಅದರಲ್ಲಿ ಉಕ್ಕು ಇಡಬಾರದೆಂದು ಹಾಲುಹಲ್ಲು ಬೀಳುವ ಮುಂಚೆಯೇ ಕಲಿತವಳು. ಪ್ರೀತಿ ಬುದ್ಧಿಯನ್ನು ಕೇಳಬೇಕಲ್ಲ. ಎರಡು ವರ್ಷವಾದ ಮೇಲೆ, ಹೋದ ಆಗಸ್ಟಿನಲ್ಲಿ ಬಿಚ್ಚಿದರೆ ಚರ್ಮ ಕಬ್ಬಿಣಕ್ಕೆ ಅಂಟಿಕೊಂಡಿತ್ತು, ಕಬ್ಬಿಣ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಅವಳು ಅಲ್ಲೇ ಕೂತು ಅತ್ತಳು.

ಹೊತ್ತುಕೊಂಡು ಹೋಗಿ ಆರ್ವಿಡ್‌ನ ಗ್ಯಾರೇಜಿನಲ್ಲಿಟ್ಟೆವು. ಅವನ ಮುಖ ಕಳೆಗುಂದಿತು.

"ಯಾರೇ ಮುಟ್ಟಿದ್ದು?"

"ನಾನೇ ಕಣೋ ಅಣ್ಣ. ಎಲ್ಕ್ ಚರ್ಮದಲ್ಲಿ ಸುತ್ತಿಟ್ಟಿದ್ದೆ."

ಆರ್ವಿಡ್ ಅಂಟಿದ್ದ ಚರ್ಮದ ಒಂದು ತುಣುಕು ಕಿತ್ತು ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. "ಅಬ್ಬಾ! ಈ ಮನೇಲಿ ಒಂದ್ ಸಲನಾದ್ರೂ ತುಕ್ಕು ಹಿಡ್ದಿದ್ದು ನನ್ನಿಂದಲ್ಲ!" ಅಳುತ್ತಿದ್ದ ಮಾರ್ಲಿಸ್‌ಗೂ ನಗು ಬಂದುಬಿಟ್ಟಿತು.

ಮೂರು ವಾರ ಕೆಲಸ ನಡೆಯಿತು. ಎಲ್ಲ ಬಿಚ್ಚಿ ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟ. ಅಚ್ಚಿನ ಒಳಗೋಡೆಯನ್ನು ಕಡ್ಡಿಗೆ ಸುತ್ತಿದ ಹತ್ತಿಬಟ್ಟೆಯಿಂದ ಉಜ್ಜಿದ. ಹಿಡಿಯನ್ನು ಬ್ಯಾಟರಿಗೆ ಹಾಕುವ ಬಟ್ಟಿ ಇಳಿಸಿದ ನೀರಿನಲ್ಲಿ ಕುದಿಸಿದ. ಕುದಿದರೆ ಕೆಂಪು ತುಕ್ಕು ಕಪ್ಪಾಗುತ್ತದೆ, ಆ ಕಪ್ಪೇ ಉಕ್ಕನ್ನು ಕಾಯುತ್ತದೆ. ಕೊಳವೆಯನ್ನು ಅಚ್ಚಿನೊಳಗೆ ತಳ್ಳುವ ನಡುವಿನ ಕಂಬಕ್ಕೆ ನಾನು ಮರಳುಕಾಗದ ಎತ್ತಿಕೊಂಡೆ, ಸಹಾಯ ಮಾಡೋಣವೆಂದು.

"ಕೆಳಗಿಡೋ ಅದನ್ನ! ಕೂದಲೆಳೆ ಬಿಗೀಲಿ ಕೂರೋ ಕಂಬ ಇದು. ಉಜ್ಜಿದ್ರೆ ಸಡಿಲ ಆಗತ್ತೆ, ಆಮೇಲೆ ಒಂದು ಕೊಳವೆನೂ ನೆಟ್ಟಗೆ ಬರಲ್ಲ. ತುಕ್ಕು ತೆಗೀಬೇಕು, ಕಬ್ಬಿಣ ತೆಗೀಬಾರ್ದು. ಹೋಗಿ ಕಾಫಿ ಮಾಡು, ನಿಂಗದಾದ್ರೂ ಬರತ್ತೆ."

ಸೆಪ್ಟೆಂಬರಿನ ಒಂದು ಭಾನುವಾರ ಪ್ರೆಸ್ಸು ನಮ್ಮ ನೆಲಮಾಳಿಗೆಯ ಬೆಂಚಿಗೆ ಕೂತಿತು. ಆರ್ವಿಡ್ ಬೋಲ್ಟು ಬಿಗಿದು, ಎಣ್ಣೆ ಸವರಿ, ಅಭ್ಯಾಸಬಲದಿಂದ ಹಿಂದೆ ಸರಿದು ಮೆಟ್ಟಿಲ ಕಡೆ ಹೊರಟ.

"ಎಲ್ಲಿಗೆ? ಬಾ, ಎಳಿ" ಎಂದಳು ಮಾರ್ಲಿಸ್. ಅವನು ಕೈಗವಸಿಗೆ ಕೈ ಹಾಕಿದ. "ಅದು ಬೇಡ. ಬರೀ ಕೈಲಿ."

"ಹುಚ್ಚೇನೇ ನಿಂಗೆ? ಮೂರು ವಾರದ ಕೆಲ್ಸ!"

"ಕೆಲ್ಸ ನಿಂದು, ಪ್ರೆಸ್ಸು ನಂದು. ಎಳಿ ಅಂದ್ರೆ ಎಳಿ."

ಅವನು ಅಂಗೈಯನ್ನು ಪ್ಯಾಂಟಿಗೆ ಎರಡು ಸಲ ಒರೆಸಿಕೊಂಡು ಹಿಡಿ ಎಳೆದ. ಕೊಳವೆ ಮೇಲೆ ಹೋಯಿತು, ಕೆಳಗೆ ಬಂತು. ಇನ್ನೊಂದು ಎಳೆದ. ಒಟ್ಟು ಐವತ್ತು ಎಳೆದ. ಮಾರ್ಲಿಸ್ ಒಂದೊಂದೇ ಕೊಳವೆ ಕೈಗೆ ಕೊಡುತ್ತ ಅಪ್ಪನ ಹಳೆಯ ಮಾತೆಲ್ಲ ತೆಗೆದಳು. ಆರ್ವಿಡ್ ಅಷ್ಟೊಂದು ಮಾತಾಡಿದ್ದನ್ನು ನಾನು ಮದುವೆಯಾದ ಮೂವತ್ತೊಂಬತ್ತು ವರ್ಷದಲ್ಲಿ ನೋಡಿರಲಿಲ್ಲ. ಹೊರಡುವಾಗ ಹಿಡಿ ಒರೆಸಲು ಎಣ್ಣೆಬಟ್ಟೆ ಕೇಳಿದ. ಸಿಗುತ್ತಿಲ್ಲ ಎಂದಳು. ಬಟ್ಟೆ ಅವಳ ಜೇಬಿನಲ್ಲೇ ಇತ್ತು.

ಸೋಮವಾರ ನೋಡಿದರೆ ಕಪ್ಪು ಹಿಡಿಯ ಮೇಲೆ ನಾಲ್ಕು ಬೆರಳು, ಒಂದು ಹೆಬ್ಬೆರಳು ಕಂದು ಬಣ್ಣದಲ್ಲಿ ಮೂಡಿದ್ದವು. ನಾನು ಒರೆಸಲು ಹೋದೆ.

"ಮುಟ್ಟಿದ್ರೆ ನೋಡಿ!" ಎಂದು ಗದರಿದ ಮಾರ್ಲಿಸ್ ಅಣ್ಣನಿಗೆ ಫೋನು ಮಾಡಿದಳು. "ಅಣ್ಣಾ, ತುಕ್ಕು ಹಿಡಿಸಿ ಹೋಗಿದ್ದೀಯ. ಭಾನುವಾರ ಬಂದು ತೆಗಿ. ತೆಗ್ದು, ಇನ್ನೊಂದೈವತ್ತು ಎಳಿ."

"ಮತ್ತೆ ಹಿಡಿಯತ್ತಲ್ಲೇ?"

"ಹಿಡೀಲಿ. ಅದರ ಮುಂದಿನ ಭಾನುವಾರನೂ ಬಾ."

 ಆರ್ವಿಡ್, ಎಷ್ಟು ಗಂಟೆಗೆ ಬರಲಿ ಎಂದು ಕೇಳಿದ.