ಚಕ್ರದ ಹಿಂದೆ ನಡೆದ ಅತ್ತೆ

ಅತ್ತೆಯ ಬಲಗೈಯ ಹಿಂಬದಿಯಲ್ಲಿ, ಬೆರಳಿನ ಗೆಣ್ಣುಗಳ ಮೇಲೆ, ಕಂದು ಬಣ್ಣದ ಸುಟ್ಟ ಕಲೆಗಳಿದ್ದವು. ಒಲೆಯ ಮುಂದೆ ಆದ ಗಾಯಗಳಿರಬೇಕು ಎಂದುಕೊಂಡಿದ್ದೆ. ಮದುವೆಯಾಗಿ ಆ ಮನೆಗೆ ಬಂದ ಕೆಲವೇ ದಿನಗಳಲ್ಲಿ ನಿಜ ತಿಳಿಯಿತು. ಲೋಡು ಹೊತ್ತ ಟ್ರಾಲಿ ಎಲ್ಲಿ ನಿಂತರೂ ಅವರು ನೆರಿಗೆ ಎತ್ತಿ ಕಟ್ಟಿ, ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಚಕ್ರದ ನಡುಭಾಗಕ್ಕೆ ಕೈಯ ಹಿಂಬದಿ ತಾಗಿಸಿ ನೋಡುತ್ತಿದ್ದರು. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ಒಳಗಿನ ಬೇರಿಂಗ್ ಕೆಟ್ಟಿದ್ದರೆ ಆ ಜಾಗ ಕೆಂಡದಂತೆ ಕಾಯುತ್ತದೆ. ಎಷ್ಟು ಸಲ ಸುಟ್ಟುಕೊಂಡರೂ ಅವರು ಆ ಅಭ್ಯಾಸ ಬಿಡಲಿಲ್ಲ.

ನಮ್ಮದು ಪುಣೆಯ ಹಡಪಸರದ ಒಂದು ಗಲ್ಲಿಯ ಕೊನೆಯ ಮನೆ. ಅಂಗಳದಲ್ಲಿ ಎರಡು ಟ್ರಾಲಿಗಳು. ಮಿಲಿಟರಿಯವರು ಬಳಸಿ ಹರಾಜಿಗೆ ಇಟ್ಟಿದ್ದನ್ನು ಮಾವ ಹಿಡಿದು ತಂದಿದ್ದರಂತೆ. ಒಂದು ಚಿಕ್ಕದು, ಎರಡು ಚಕ್ರದ್ದು. ಇನ್ನೊಂದು ನಾಲ್ಕು ಚಕ್ರದ ತಗ್ಗು ಟ್ರಾಲಿ. ಹಸಿರು ಬಣ್ಣದ ಅಡಿಯಲ್ಲಿ ಯಾವುದೋ ಪಲಟಣಿನ ಬಿಳಿ ಅಂಕಿಗಳು ಇನ್ನೂ ಕಾಣುತ್ತಿದ್ದವು. ಸಣ್ಣ ವರ್ಕ್‌ಶಾಪುಗಳ ಲೇಥು, ಜನರೇಟರು, ಪ್ರೆಸ್ ಮಷೀನುಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು ಮನೆಯ ಉದ್ಯೋಗ. ದೊಡ್ಡ ಲಾರಿ ತಿರುಗಲಾರದ ಸಂದಿಯೊಳಗೂ ಟ್ರ್ಯಾಕ್ಟರಿಗೆ ಕಟ್ಟಿದ ಈ ಟ್ರಾಲಿ ನುಗ್ಗುತ್ತಿತ್ತು. ಟ್ರ್ಯಾಕ್ಟರ್ ನಡೆಸುವವರು ನನ್ನ ಗಂಡ. ಹಿಂದಿನ ಚಕ್ರದ ಪಕ್ಕದಲ್ಲಿ, ಹಗ್ಗ ಕಟ್ಟಿದ ಮರದ ಅಡ್ಡಗಟ್ಟಿಗೆ ಹಿಡಿದು ನಡೆಯುವವರು ಅತ್ತೆ. ಏರಿನಲ್ಲಿ ಟ್ರಾಲಿ ಹಿಂದಕ್ಕೆ ಜಾರಿದರೆ ಆ ಕಟ್ಟಿಗೆಯನ್ನು ಚಕ್ರದ ಕೆಳಗೆ ಕೊಡಬೇಕು. ಅತ್ತೆಗಿಂತ ಮೊದಲು ಆ ಜಾಗದಲ್ಲಿ ನಡೆಯುತ್ತಿದ್ದವರು ಮಾವ. ಕಾತ್ರಜದ ಹತ್ತಿರ ಒಂದು ಇಳಿಜಾರಿನಲ್ಲಿ ನಿಲ್ಲಿಸಿದ್ದ ಟ್ರಾಲಿ ತಾನಾಗಿ ಸರಿದು ಅವರನ್ನು ಗೋಡೆಗೆ ಒತ್ತಿ ಪ್ರಾಣ ತೆಗೆದಿತ್ತು. ಅತ್ತೆ ಅಲ್ಲೇ ಇದ್ದರು, ಕಣ್ಣಾರೆ ನೋಡಿದ್ದರು.

ನಾನು ವಿಜಯಪುರದ ಕಡೆಯ ಒಬ್ಬ ಮಾಸ್ತರರ ಮಗಳು. ಪುಣೆಯ ಒಂದು ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ನಮ್ಮ ತವರಿನಲ್ಲಿ ಅಂಜಿಕೆಯ ಮಾತು ಬಾಯಿಗೆ ಬಂದರೆ ಅಪ್ಪ ಗದರುತ್ತಿದ್ದರು. ಹಾಗಾಗಿ ಅದನ್ನು ನುಂಗುವುದು ನನಗೆ ರೂಢಿ. ಬೆಳಗ್ಗೆ ಅಂಗಳದಲ್ಲಿ ಟ್ರಾಲಿಯ ಕಬ್ಬಿಣದ ಬಳೆ ಟ್ರ್ಯಾಕ್ಟರಿನ ಕೊಕ್ಕೆಗೆ ಬಿದ್ದು ಖಣ್ ಎಂದರೆ ನನ್ನ ಕೈಯಲ್ಲಿದ್ದ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಶಾಲೆಯಲ್ಲಿ ಫೋನು ಬಂದರೆ ಬೇರೆ ಯಾರಾದರೂ ಎತ್ತಲಿ ಎಂದು ಕಾಯುತ್ತಿದ್ದೆ. ಗಂಡನ ಮುಂದೆ ಒಂದು ದಿನವೂ ಹೇಳಲಿಲ್ಲ.

ಅತ್ತೆ ಮಾತ್ರ ಊರಿಗೆಲ್ಲ ಹೇಳುತ್ತಿದ್ದರು.

ಲೋಡು ನೋಡಲು ಹೋದಾಗ ಮಷೀನಿನ ಸುತ್ತ ಒಂದು ಸುತ್ತು ಬರುವರು. ಮನಸ್ಸಿಗೆ ಹಿಡಿಸದಿದ್ದರೆ ಮಾಲೀಕನ ಮುಖಕ್ಕೇ ಮರಾಠಿಯಲ್ಲಿ "ಮಲಾ ಭೀತಿ ವಾಟ್ತೆ, ಸಾಹೇಬ್" ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಡುವರು. ಕೆಲಸಗಾರರು ಕಿಸಕ್ಕೆಂದು ನಗುತ್ತಿದ್ದರು. ಇಷ್ಟು ವರ್ಷ ಲೋಡು ಎಳೆದ ಹೆಂಗಸು ಭಯವಾಗುತ್ತದೆ ಅನ್ನುವುದೇ ಅವರಿಗೆ ತಮಾಷೆ. ನನ್ನ ಗಂಡನಿಗೆ ಅದು ಮುಖಭಂಗ. ಮನೆಗೆ ಬಂದು ರೇಗುತ್ತಿದ್ದರು. "ಮಂದಿ ಮುಂದ ಹಂಗ ಯಾಕ ಅಂತಿ ಯವ್ವಾ? ಟೈಮ್ ಇಲ್ಲ ಅನ್ನು, ಟ್ರ್ಯಾಕ್ಟರ್ ಕೆಟ್ಟದ ಅನ್ನು."

"ಟ್ರ್ಯಾಕ್ಟರ್ ಕೆಟ್ಟಿಲ್ಲಲ್ಲೋ. ಅಂಜಿಕಿ ಬಂದದ. ಬಂದದ್ದ ಹೇಳೀನಿ," ಅನ್ನುವರು ಅತ್ತೆ, ರೊಟ್ಟಿ ಬಡಿಯುತ್ತಲೇ.

ಒಂದು ಬೇಸಿಗೆ ರಜೆಯಲ್ಲಿ ಹಡಪಸರದ ಒಬ್ಬ ಮಾಲೀಕ ತನ್ನ ವರ್ಕ್‌ಶಾಪನ್ನು ಸಾಸವಡ ಕಡೆಗೆ ಬದಲಿಸಿದ. ಎಲ್ಲ ಸಾಮಾನು ಹೋಗಿ ಒಂದು ದೊಡ್ಡ ಪ್ರೆಸ್ ಮಷೀನು ಉಳಿದಿತ್ತು. ಸಾಸವಡಕ್ಕೆ ಹೋಗಬೇಕಾದರೆ ದಿವೆ ಘಾಟು ಹತ್ತಬೇಕು. ಅತ್ತೆ ಮಷೀನನ್ನು ನೋಡಿ ಬಂದವರೇ ಆಗುವುದಿಲ್ಲ ಅಂದರು. ಈ ಸಲ ಗಂಡ ಬಿಡಲಿಲ್ಲ. ಆ ಮಾಲೀಕ ಮಾವನ ಕಾಲದಿಂದ ಕೆಲಸ ಕೊಟ್ಟವನು. ನೀ ಬರದಿದ್ದರೆ ನಾನೊಬ್ಬನೇ ಒಯ್ಯುತ್ತೇನೆ ಎಂದು ಹಟ ಹಿಡಿದರು. ಒಬ್ಬನೇ ಹೋಗುತ್ತಾನೆ ಅನ್ನುವ ಮಾತಿಗೆ ಅತ್ತೆ ಸೋತರು.

ಹಿಂದಿನಿಂದ ಬರುವ ಗಾಡಿಗಳಿಗೆ ಕೆಂಪು ಬಟ್ಟೆ ತೋರಿಸಲು ಇನ್ನೊಬ್ಬರು ಬೇಕಿತ್ತು. ಶಾಲೆಗೆ ರಜೆ, ನಾನು ಹೊರಟೆ. ಘಾಟಿನ ಬುಡದಲ್ಲಿ ಅತ್ತೆ ನನ್ನ ಎರಡೂ ಭುಜ ಹಿಡಿದು ನಿಲ್ಲಿಸಿದರು.

"ಟ್ರಾಲಿ ನೆಟ್ಟಗ ಹಿಂದ ನಿಂದ್ರಬ್ಯಾಡ. ದೂರ ಇರು. ಏನರೆ ಆದ್ರ ಗುಡ್ಡದ ಕಡಿ ಓಡು. ಕಣಿವಿ ಕಡಿ ಮಾತ್ರ ಹೋಗಬ್ಯಾಡ. ತಿಳೀತಿಲ್ಲೋ ನನ್ನವ್ವಾ?"

"ತಿಳೀತ್ರಿ ಅತ್ತಿ."

"ಅಂಜಿಕಿ ಬಂದದೇನು?"

"ಇಲ್ರಿ," ಅಂದೆ. ಕೆಂಪು ಬಟ್ಟೆಯನ್ನು ಮುಷ್ಟಿಗೆ ಬಿಗಿಯಾಗಿ ಸುತ್ತಿಕೊಂಡೆ.

ಅವರು ನನ್ನ ಮುಖ ನೋಡಿ ಚಕ್ರದ ಕಡೆಗೆ ಹೋದರು. ಕೈಯಲ್ಲೊಂದು ಅಡ್ಡಗಟ್ಟಿಗೆ, ಹೆಗಲ ಮೇಲೆ ಇನ್ನೊಂದು.

ಟ್ರ್ಯಾಕ್ಟರ್ ನಿಧಾನ ಹತ್ತತೊಡಗಿತು. ಡಾಂಬರು ಕಾದು ಚಪ್ಪಲಿಗೆ ಅಂಟುತ್ತಿತ್ತು. ಬಿಗಿದ ಸರಪಳಿಗಳು ಪ್ರತಿ ತಗ್ಗಿಗೂ ಕಿರ್ರ್ ಎನ್ನುತ್ತಿದ್ದವು. ನನ್ನ ಹಿಂದೆ ಗಾಡಿಗಳು ಸಾಲುಗಟ್ಟಿ ಹಾರ್ನ್ ಹೊಡೆಯುತ್ತಿದ್ದವು. ಎಲ್ಲಕ್ಕೂ ಮುಂದೆ ಹೆಂಗಸರು, ಮಕ್ಕಳು ತುಂಬಿದ್ದ ಒಂದು ಟೆಂಪೋ. ಕೆಳಗೆ ಮಸ್ತಾನಿ ಕೆರೆ ಚಿಕ್ಕದಾಗಿ ಕಾಣುವಷ್ಟು ಎತ್ತರಕ್ಕೆ ಬಂದಾಗ ಎದುರಿನಿಂದ ಒಂದು ಬಸ್ಸು ಇಳಿಯಿತು. ಅದರ ಹಿಂದಿದ್ದ ಗಾಡಿಗಳೂ ಒಂದರ ಹಿಂದೊಂದು ನುಗ್ಗಿದವು. ಅವುಗಳಿಂದ ತಪ್ಪಿಸಿಕೊಳ್ಳುತ್ತ ನಾನು ಕಣಿವೆಯ ಅಂಚಿಗೆ ಸರಿದಿದ್ದೆ.

ಆಗ ಗುಂಡು ಹಾರಿದಂಥ ಸದ್ದಾಯಿತು. ಟ್ರ್ಯಾಕ್ಟರಿನ ಕೊಕ್ಕೆ ಮುರಿದಿತ್ತು. ಜೊತೆಗೆ ಕಟ್ಟಿದ್ದ ಸರಪಳಿ ಒಂದು ಕ್ಷಣ ಬಿಗಿದು, ಅದೂ ಹರಿಯಿತು. ಮಷೀನು ಹೊತ್ತ ಟ್ರಾಲಿ ಹಿಂದಕ್ಕೆ ಉರುಳತೊಡಗಿತು. ಮೊದಮೊದಲು ಅದು ಎಷ್ಟು ಮೆಲ್ಲಗೆ ಬಂತೆಂದರೆ, ಕೈಯಿಂದ ತಡೆಯಬಹುದು ಅನ್ನಿಸಿತು. ನನ್ನ ಕಾಲು ನೆಲ ಬಿಟ್ಟು ಏಳಲಿಲ್ಲ.

"ಗುಡ್ಡದ ಕಡಿ! ಗುಡ್ಡದ ಕಡಿ ಓಡ, ನನ್ನವ್ವಾ!"

ಅತ್ತೆಯ ಆ ಕೂಗು ಕೇಳಿದ ಮೇಲೆ ನಾನು ಹೇಗೆ ರಸ್ತೆ ದಾಟಿದೆನೋ ಗೊತ್ತಿಲ್ಲ. ಬೆನ್ನಿಗೆ ಬಂಡೆ ಬಡಿದಾಗ ಕಣ್ಣು ತೆರೆದೆ. ಅತ್ತೆ ಗುಡ್ಡದ ಬದಿಯ ಹಿಂಚಕ್ರಕ್ಕೆ ಮೊದಲ ಕಟ್ಟಿಗೆ ಕೊಟ್ಟಿದ್ದರು. ಅದು ಪಟ್ಟನೆ ಸಿಡಿದು ಕಣಿವೆಗೆ ಹಾರಿತು. ಟ್ರಾಲಿ ಈಗ ಓಡುತ್ತಿತ್ತು. ಅವರೂ ಅದರ ಜೊತೆ ಹಿಂದುಹಿಂದಕ್ಕೆ ಓಡುತ್ತ, ಹೆಗಲ ಮೇಲಿದ್ದ ಎರಡನೆಯದನ್ನು ಎರಡೂ ಕೈಯಲ್ಲಿ ಹಿಡಿದು, ಬಗ್ಗಿ, ಚಕ್ರದ ಅಡಿಗೆ ತುರುಕಿ, ಪಕ್ಕಕ್ಕೆ ಬಿದ್ದರು. ಚಕ್ರ ಆ ಕಟ್ಟಿಗೆಯನ್ನು ಹತ್ತಲು ನೋಡಿತು. ಹತ್ತಲಿಲ್ಲ. ಆ ಒಂದು ಚಕ್ರ ನಿಂತಿದ್ದರಿಂದ ಇಡೀ ಟ್ರಾಲಿ ತಿರುಗಿ, ಬಾಲವನ್ನು ಗುಡ್ಡದ ಬದಿಯ ಚರಂಡಿಗೆ ಇಳಿಸಿ, ಮಣ್ಣಿಗೆ ಗುದ್ದಿ ನಿಂತಿತು. ನಾನು ಕೈ ಚಾಚಿದ್ದರೆ ಅದರ ಹಸಿರು ಹಲಗೆ ಮುಟ್ಟುತ್ತಿತ್ತು. ಟೆಂಪೋದೊಳಗಿನ ಮಕ್ಕಳು ಅಳತೊಡಗಿದವು.

ಗಂಡ ಟ್ರ್ಯಾಕ್ಟರಿನಿಂದ ಹಾರಿ ಓಡಿ ಬಂದರು. ಅತ್ತೆ ಎದ್ದು ಕೂತಿದ್ದರು. ಮೊಣಕೈ ತರಚಿ ರಕ್ತ ಬರುತ್ತಿತ್ತು. ನನ್ನನ್ನು ಕಂಡವರೇ ಹತ್ತಿರ ಕರೆದು, ತಲೆಯಿಂದ ಕಾಲಿನವರೆಗೆ ತಡವಿ ನೋಡಿದರು. ಆಮೇಲೆ ರಸ್ತೆಯ ಬದಿಗೆ ತಿರುಗಿ ವಾಂತಿ ಮಾಡಿದರು. ಬಾಯಿ ಒರೆಸಿಕೊಂಡು, ಎದೆ ಬಡಿದುಕೊಂಡು, ಗಟ್ಟಿಯಾಗಿ ಅಳತೊಡಗಿದರು. ಗಾಡಿಗಳಿಂದ ಇಳಿದ ಜನ ಸುತ್ತ ನಿಂತರು. ಟೆಂಪೋ ಡ್ರೈವರ್ ನೀರಿನ ಬಾಟಲಿ ಹಿಡಿದು "ಮಾವಶಿ, ಪಾಣೀ ಘ್ಯಾ" ಎಂದ.

ಗಂಡ ಬಗ್ಗಿ ಮೆಲ್ಲಗೆ ಅಂದರು: "ಯವ್ವಾ, ಸುಮ್ನಾಗು. ಮಂದಿ ನೋಡ್ಲಕತ್ತಾರ."

"ನೋಡ್ಲಿ! ನನಗ ಭಾಳ ಅಂಜಿಕಿ ಬಂದದ. ಅಳ್ತೀನಿ."

ಅತ್ತರು, ಮನಸಾರೆ. ನಾನು ಅವರ ಪಕ್ಕದಲ್ಲಿ ಕಲ್ಲಿನಂತೆ ಕೂತಿದ್ದೆ. ಒಂದು ಹನಿ ಬರಲಿಲ್ಲ. ಅಳು ಮುಗಿದ ಮೇಲೆ ಅತ್ತೆ ಮುಖ ತೊಳೆದು, ಸೆರಗು ಬಿಗಿದು, ಉಳಿದ ಮೂರು ಚಕ್ರಗಳಿಗೂ ಕಲ್ಲು ಕೊಡಿಸಿದರು. ಕ್ರೇನು ಬರುವವರೆಗೂ ಆ ಬಿಸಿಲಲ್ಲಿ ನಿಂತು, ಟ್ರಾಲಿಯ ಕೆಳಬದಿಗೆ ಒಬ್ಬರನ್ನೂ ಸುಳಿಯಗೊಡಲಿಲ್ಲ.

ಮನೆಯಲ್ಲಿ ಜಗಳವಾಯಿತು. ಗಂಡನ ಮುಖ ಕಪ್ಪಿಟ್ಟಿತ್ತು. "ಇನ್ನ ಮ್ಯಾಲ ನೀ ಬರಬ್ಯಾಡ. ಮನ್ಯಾಗ ಇರು," ಎಂದರು. ಸಿಟ್ಟಿನ ಮಾತಾದರೂ ಒಳಗಿದ್ದದ್ದು ಬೇರೆ. ಅಪ್ಪ ಹೋದ ಹಾಗೆ ಅವ್ವನೂ ಹೋಗಿಬಿಟ್ಟರೆ ಎಂಬ ಅಂಜಿಕೆ.

ಅತ್ತೆ ಮೊಣಕೈಗೆ ಅರಿಶಿನ ಹಚ್ಚಿಕೊಳ್ಳುತ್ತ ಕೇಳಿದರು: "ನಾ ಮನ್ಯಾಗ ಕುಂತ್ರ ಅಲ್ಲಿ ಅಂಜೋರು ಯಾರು?"

ಅತ್ತೆ ಮತ್ತೆ ಚಕ್ರದ ಹಿಂದೆ ನಡೆದರು. ಆದರೆ ಘಾಟಿನ ಲೋಡನ್ನು ನಮ್ಮ ಮನೆ ಅಂದಿಗೆ ಬಿಟ್ಟಿತು. ಅತ್ತೆ ಬೇಡ ಎಂದ ಮಷೀನನ್ನು ಗಂಡ ಎರಡನೆಯ ಸಲ ನೋಡಲು ಹೋಗಲಿಲ್ಲ. ಅದರಿಂದ ಕೆಲವು ಹಳೆಯ ಗಿರಾಕಿಗಳು ಬಿಟ್ಟುಹೋದರು. ಸಾಸವಡಕ್ಕೆ ಹೋದ ಆ ಮಾಲೀಕನೂ ಬಿಟ್ಟ.

ಘಾಟಿನ ಆ ಮಧ್ಯಾಹ್ನ ನನ್ನನ್ನು ಬಿಡಲಿಲ್ಲ. ಪಾಠ ಹೇಳುತ್ತಿರುವಾಗ ಹೊರಗೆ ಯಾವುದೋ ಗಾಡಿ ಹಿಂದಕ್ಕೆ ಬರುವ ಸದ್ದು ಕೇಳಿದರೆ ಬೆನ್ನು ಗೋಡೆಗೆ ಅಂಟುತ್ತಿತ್ತು. ಮಕ್ಕಳು ಪಿಳಿಪಿಳಿ ನೋಡುತ್ತಿದ್ದವು. ಅತ್ತೆಗೆ ಇದು ಗೊತ್ತಿತ್ತು ಎಂದು ನನ್ನ ಊಹೆ. ಸಂಜೆ ನಾನು ಬಂದ ಕೂಡಲೇ ಏನಾದರೂ ನೆವ ಮಾಡಿ ಹತ್ತಿರ ಕೂರಿಸಿಕೊಂಡು ತಲೆ ಬಾಚುತ್ತಿದ್ದರು. ಕೇಳುತ್ತಿರಲಿಲ್ಲ. ನಾನೂ ಹೇಳುತ್ತಿರಲಿಲ್ಲ.

ವರ್ಷಗಳಾದ ಮೇಲೆ ಅವರ ಎದೆಯಲ್ಲಿ ನೀರು ತುಂಬತೊಡಗಿತು. ನಾಲ್ಕು ಹೆಜ್ಜೆಗೆ ಏದುಸಿರು. ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರು ಗಂಡನನ್ನು ಹೊರಗೆ ಕರೆದು ಮಾತಾಡಿದರು. ಗಂಡ ಒಳಗೆ ಬಂದು, ಎಲ್ಲ ಚಲೋ ಅದ ಅಂತ ಹೇಳ್ಯಾರ ಯವ್ವಾ, ಎಂದು ನಗಲು ನೋಡಿ, ಔಷಧಿ ತರುವ ನೆಪದಲ್ಲಿ ಹೊರಟುಹೋದರು.

ಬೆಳಗಿನ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಅತ್ತೆ ಮೂಗಿನ ನಳಿಗೆಯನ್ನು ಸರಿಸಿ ನನ್ನನ್ನು ಹತ್ತಿರ ಕರೆದರು.

"ಅವ ಸುಳ್ಳ ಹೇಳ್ಯಾನ. ಹೌದಿಲ್ಲೋ?"

ನಾನು ತಲೆ ತಗ್ಗಿಸಿದೆ.

"ನನಗ ಅಂಜಿಕಿ ಬರ್ಲಕತ್ತದವ್ವಾ. ಭಾಳ ಬರ್ಲಕತ್ತದ. ಕೈ ಹಿಡಿ."

ಹಿಡಿದೆ. ಏನೂ ಆಗುವುದಿಲ್ಲ, ಧೈರ್ಯ ತಗೊಳ್ಳಿ ಎಂಬ ಮಾತು ಬಾಯಿಯವರೆಗೆ ಬಂದಿತ್ತು. ಅದನ್ನು ಕೇಳಿದರೆ ಅವರು ಈ ಕಡೆಯಿಂದ ಮುಖ ತಿರುಗಿಸಿಬಿಡುತ್ತಾರೆ ಅನ್ನಿಸಿತು. ಎಷ್ಟೋ ವರ್ಷಗಳಿಂದ ನುಂಗಿದ್ದು ಆಗ ಹೊರಗೆ ಬಂತು.

"ನನಗೂ ಅಂಜಿಕಿ ಬಂದದ್ರಿ ಅತ್ತಿ. ಆ ಘಾಟಿನ ದಿನದಿಂದನೂ ಅದ. ಒಂದಿನಾನೂ ಹೋಗಿಲ್ಲ."

ಹೇಳುತ್ತಲೇ ಅಳು ನುಗ್ಗಿ ಬಂತು. ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು. ನಾನು ನಿಲ್ಲಿಸಲಿಲ್ಲ. ಅತ್ತೆಯ ಮುಖ ಮಾತ್ರ ಸಡಿಲಾಯಿತು. ಹಾಸಿಗೆಯಲ್ಲಿ ಇಷ್ಟು ಜಾಗ ಮಾಡಿ ಸರಿದು, ಕೂರು ಎಂದು ಕಣ್ಣಲ್ಲೇ ಹೇಳಿದರು.

"ಮೊದಲ ಹೇಳಬಾರದೇನ ಹುಚ್ಚಿ," ಎಂದರು. ಉಸಿರು ಸಾಲದೆ ಸ್ವಲ್ಪ ತಡೆದು, "ಬಾ. ಇಬ್ಬರೂ ಕೂಡಿ ಅಂಜೋಣು."

ಗಂಡ ಔಷಧಿ ಹಿಡಿದು ಬರುವ ಹೊತ್ತಿಗೆ ಅತ್ತೆ ಹೋಗಿಬಿಟ್ಟಿದ್ದರು. ಅಷ್ಟು ಹೊತ್ತೂ ನಾವಿಬ್ಬರು ಕೈ ಹಿಡಿದುಕೊಂಡು ಹಾಗೆಯೇ ಇದ್ದೆವು.