ಉಪ್ಪಿನ ದಾರಿಯಲ್ಲಿ ಇಪ್ಪತ್ತು ನಿಮಿಷ

ಬೆಳಗಿನ ಆರು ಗಂಟೆ. ಇತೊಯ್ಗಾವಾ ಊರಾಚೆ ಹಳೆಯ ಉಪ್ಪಿನ ದಾರಿ ಬೆಟ್ಟ ಹತ್ತುವ ತಿರುವಿನಲ್ಲಿ ಇಗರಾಶಿ ಮಿತ್ಸುಯೊ ಹುಲ್ಲಿನ ಚಪ್ಪಲಿಯ ದಾರ ಬಿಗಿಯುತ್ತಾರೆ. ಬೆನ್ನಿಗೆ ಮರದ ಚೌಕಟ್ಟು, ಅದರ ಮೇಲೆ ಹದಿನೈದು ಕಿಲೋ ಉಪ್ಪಿನ ಮೂಟೆ, ಕೈಯಲ್ಲಿ ಊರುಗೋಲು, ಕೊರಳಲ್ಲಿ ಗಡಿಯಾರ. ಈ ಹೆಂಗಸಿಗೆ ವಯಸ್ಸು ಅರವತ್ತೊಂಬತ್ತು. ಹೊಸಬರು ಕಂಡರೆ ಬೆಚ್ಚಿಬೀಳುತ್ತಾರೆ. ಹಾಲಿನ ವ್ಯಾನಿನವನಿಗೆ ಇದೆಲ್ಲ ಮಾಮೂಲು. ಗಾಜು ಇಳಿಸಿ, ಮೇಷ್ಟ್ರೇ ಎಂಬ ಗೌರವದಲ್ಲಿ ಕೂಗುತ್ತಾನೆ: "ಸೆನ್ಸೆ, ಇವತ್ತಾದ್ರೂ ಸೊಕಿಚಿ ಮುಟ್ತಾನಾ?"

"ಮುಟ್ಟಿಸ್ಬೇಕು ಕಣಪ್ಪ," ಎನ್ನುತ್ತಾ ಮಿತ್ಸುಯೊ ಹೆಜ್ಜೆ ಹಾಕುತ್ತಾರೆ.

ಸೊಕಿಚಿ ಇನ್ನೂರು ವರ್ಷದ ಹಿಂದಿನ ಉಪ್ಪು ಹೊರುವ ಕೂಲಿ. ಮಿತ್ಸುಯೊ ಬರೆಯುವ ಐತಿಹಾಸಿಕ ಕಾದಂಬರಿಗಳ ನಾಯಕ. ಇಪ್ಪತ್ತಾರು ಪುಸ್ತಕ ಮುಗಿದಿವೆ, ಇಪ್ಪತ್ತೇಳನೆಯದೇ ಕೊನೆ. ಅದರಲ್ಲಿ ಅವನ ಹನ್ನೆರಡು ವರ್ಷದ ಮಗಳು ನುಯಿಯನ್ನು ದೂರದ ಪಟ್ಟಣಕ್ಕೆ ಮನೆಗೆಲಸಕ್ಕೆ ಒಯ್ಯಲು ದಲ್ಲಾಳಿ ಘಟ್ಟದಾಚೆಯ ಮನೆಗೆ ಬಂದು ಕೂತಿದ್ದಾನೆ. ದೋಣಿ ಹಿಡಿಯಬೇಕೆಂದು ಹನ್ನೊಂದೂವರೆಗೆ ಹೊರಟೇಬಿಡುತ್ತಾನೆ. ಈಚೆ ಉಪ್ಪಿನ ಉಗ್ರಾಣದ ಬಾಗಿಲು ತೆರೆಯುವುದು ಆರಕ್ಕೆ. ಘಟ್ಟ ಹತ್ತಿಳಿದು ಮಗಳ ಮುಖ ನೋಡಲು ಸೊಕಿಚಿಗೆ ಉಳಿದದ್ದು ಐದೂವರೆ ಗಂಟೆ. ಮಿತ್ಸುಯೊಗೆ ಹಿಡಿಯುತ್ತಿರುವುದು ಆರೂವರೆ. ಮೂವತ್ತೆಂಟರ ಗಂಡಸಿನ ನಲವತ್ತೈದು ಕಿಲೋಗೆ ತನ್ನ ಹದಿನೈದು ಕಿಲೋ ಸಮ ಎಂಬುದು ಅವರದೇ ಲೆಕ್ಕ.

ಮೂವತ್ತೈದು ವರ್ಷ ಅವರು ಮೀನಿನ ತಿನಿಸು ತಯಾರಿಸುವ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡಿದವರು. ಪಾಳಿಗೆ ಮುಂಚೆ ಅಕ್ಷರಕ್ಕೊಂದರಂತೆ ನಾನೂರು ಚೌಕವಿರುವ ಐದು ಹಾಳೆ ಬರೆಯುವುದು ರೂಢಿ. ಈಗಲೂ ಐದೇ. ಒಂದು ಪ್ರಶಸ್ತಿ ಬಂದಿಲ್ಲ, ಒಂದು ವಿಮರ್ಶೆಯಿಲ್ಲ. ರೈಲು ನಿಲ್ದಾಣದ ಅಂಗಡಿಯಲ್ಲಿ, ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಈ ಪುಸ್ತಕಗಳು ಮೂಲೆ ಮುದುರಿಕೊಂಡು ಕೈಯಿಂದ ಕೈಗೆ ದಾಟುತ್ತವೆ. "ಮೊದಲ ಪ್ರಕಾಶಕರು ಹಸ್ತಪ್ರತಿ ನೋಡಿ, ಕತ್ತಿ ಎಲ್ಲಿದೆ ಅಮ್ಮಾ ಅಂದ್ರು. ಕತ್ತಿ ಹಿಡಿದವರೂ ಉಪ್ಪು ತಿಂದೇ ತಿಂದಿರ್ತಾರೆ, ಅದನ್ನ ಹೊತ್ತವನು ಇವನು ಅಂದೆ," ಎಂದು ನಗುತ್ತಾರೆ.

ಈ ನಡಿಗೆಯ ಹುಚ್ಚು ಹತ್ತಿದ್ದು ಮೂರನೆಯ ಪುಸ್ತಕದಿಂದ. ತಿಂಗಳ ಕೊನೆಯ ದಿನ ಸೊಕಿಚಿಯನ್ನು ಬೆಳದಿಂಗಳಲ್ಲಿ ಘಟ್ಟ ದಾಟಿಸಿದ್ದರು. ಹಳೆಯ ಪಂಚಾಂಗದಲ್ಲಿ ತಿಂಗಳು ಮುಗಿಯುವುದೇ ಅಮಾವಾಸ್ಯೆಗೆ. ನಿವೃತ್ತ ರೈಲ್ವೆ ನೌಕರರೊಬ್ಬರು ಕಾರ್ಡು ಬರೆದರು: "ಅಮ್ಮಾ, ಆ ಚಂದ್ರನನ್ನು ಎಲ್ಲಿಂದ ತಂದಿರಿ?" ಮಿತ್ಸುಯೊಗೆ ಭೂಮಿಗಿಳಿದು ಹೋದಂತಾಯಿತು. ರಜೆ ಹಾಕಿ ಪುಸ್ತಕದಂಗಡಿಗಳನ್ನು ಅಲೆದು, ಸಿಕ್ಕ ಪ್ರತಿಗಳಲ್ಲೆಲ್ಲ ಕೈಬರಹದ ತಿದ್ದುಪಡಿ ಚೀಟಿ ಇಟ್ಟು ಬಂದರು. ಅಂದಿನಿಂದ ಕಾಲು ನಡೆಯದ್ದನ್ನು ಕೈ ಬರೆದಿಲ್ಲ.

ಸಂಪಾದಕ ಶಿನೊಹಾರಾಗೆ ತಲೆ ಚಿಟ್ಟುಹಿಡಿದಿದೆ. "ಒಂದು ಗಂಟೆ ತಾನೇ ಸೆನ್ಸೆ? ಗಡಿಯಾರ ಹಿಡ್ಕೊಂಡು ಯಾರು ಓದ್ತಾರೆ? ಇಲ್ಲಾಂದ್ರೆ ಮೂಟೆ ಬಿಸಾಕಿ ಓಡ್ಲಿ," ಎಂದು ಫೋನಿನಲ್ಲಿ ಗೋಗರೆಯುತ್ತಾರೆ.

"ಉಪ್ಪು ಅವನದಲ್ಲ. ಬಿಸಾಕಿದ್ರೆ ಅವನು ಸೊಕಿಚಿನೇ ಅಲ್ಲ," ಎನ್ನುತ್ತಾರೆ ಮಿತ್ಸುಯೊ. ಹಾಗೆಂದು ಅವನು ಮಗಳನ್ನು ನೋಡದೆ ಉಳಿಯುವುದನ್ನು ಬರೆಯಲೂ ಅವರಿಗೆ ಮನಸ್ಸು ಬಾರದು. "ಓದೋರ ಮಾತು ಬಿಡಿ, ನನಗೇ ತಡ್ಕೊಳ್ಳಕ್ಕಾಗಲ್ಲ." ಅದಕ್ಕೇ ಡಾಕ್ಟರ ಮಾತು ಮೀರಿ, ತಮ್ಮ ಕಾಲಿನಿಂದ ನಿಮಿಷಗಳನ್ನು ಕಳೆಯಲು ಈ ಒದ್ದಾಟ.

ಹತ್ತು ಗಂಟೆಗೆ ಘಟ್ಟದ ನೆತ್ತಿ. ಅಲ್ಲಿ ಎಂಬತ್ತಾರರ ತೊಮಿ ಅಜ್ಜಿಯ ಸೋಬಾ ಶಾವಿಗೆಯ ಅಂಗಡಿ. ಮಿತ್ಸುಯೊ ಕೂರುವುದಿಲ್ಲ. ಹೊರೆಯವರು ಕೂತರೆ ಮತ್ತೆ ಏಳಲಾರರು. ಮೂಟೆಯ ಭಾರವನ್ನು ಊರುಗೋಲಿನ ಮೇಲೆ ಆನಿಸಿ, ನಿಂತೇ ಬಟ್ಟಲಿಗೆ ಕೈಯೊಡ್ಡುತ್ತಾರೆ.

"ಇದು ಎಷ್ಟನೇ ಸಲಾನೇ?" ಅಜ್ಜಿ ಕೇಳುತ್ತಾರೆ.

"ಹತ್ತೊಂಬತ್ತು."

"ಮಂಡಿ ಮುರ್ಕೊಂಡು ಆಸ್ಪತ್ರೆ ಸೇರ್ತೀಯ, ನೋಡ್ತಿರು. ಅಲ್ವೇ, ಆವಾಗಿಂದ ಆ ಅಪ್ಪನ್ನೇ ಓಡಿಸ್ತಿದೀಯಲ್ಲ, ಹುಡುಗಿಗೇನು ಕಾಲಿಲ್ವಾ?"

ಬಟ್ಟಲು ತುಟಿಯವರೆಗೆ ಹೋದದ್ದು ಅಲ್ಲೇ ನಿಲ್ಲುತ್ತದೆ. ನಲವತ್ತೊಂದು ವರ್ಷ ನಡೆಯುವವರ ಕಥೆಯನ್ನೇ ಬರೆದ ಮಿತ್ಸುಯೊ ಆ ಮಗುವನ್ನು ಮಾತ್ರ ಹೊಸ್ತಿಲಲ್ಲಿ ಕಾಯಲು ನಿಲ್ಲಿಸಿಬಿಟ್ಟಿದ್ದರು. ಅಪ್ಪ ಬರುವ ದಿನ ಅವಳಿಗೆ ಗೊತ್ತು, ದಾರಿಯೂ ಗೊತ್ತು. ಮಿತ್ಸುಯೊಗೆ ನಾಚಿಕೆಯೂ ಅಳುವೂ ಒಟ್ಟಿಗೇ ಬರುತ್ತವೆ. "ಸಾರು ಆರೋಗುತ್ತೆ, ಕುಡಿಯೇ," ಎಂದು ಅಜ್ಜಿ ಗದರುತ್ತಾರೆ.

ಮರುವಾರ ಅವರು ಹೊರಡುವುದು ಘಟ್ಟದ ಆಚೆ ಮಗ್ಗುಲಿನ ನುಯಿಯ ಊರಿನಿಂದ, ಬರಿಬೆನ್ನಿನಲ್ಲಿ. ನೆತ್ತಿಗೆ ಹತ್ತಲು ಒಂದೂವರೆ ಗಂಟೆ, ಇಳಿಯಲು ಮೂಟೆ ಹೊತ್ತಾಗಿನ ಎರಡೂವರೆಯಲ್ಲ, ಒಂದು ಗಂಟೆ ಹತ್ತು ನಿಮಿಷ. ಹನ್ನೆರಡರ ಹುಡುಗಿ ಇನ್ನೂ ಬೇಗ ಇಳಿಯುವುದಿಲ್ಲವೇ ಎಂದರೆ ಅಡ್ಡಡ್ಡ ತಲೆಯಾಡಿಸುತ್ತಾರೆ.

"ಅಪ್ಪನ್ನ ಬಿಟ್ಟು ಇಳಿಯೋ ಮಗು ಜೋರಾಗಿ ಇಳಿಯಲ್ಲ. ತಿರುತಿರುಗಿ ನೋಡ್ಕೊಂಡು ಇಳಿಯುತ್ತೆ. ನನ್ನ ಮುದಿ ಕಾಲಿನ ಲೆಕ್ಕಾನೇ ಸರಿ."

ಹತ್ತಕ್ಕೆ ಅಪ್ಪ ನೆತ್ತಿಯಲ್ಲಿ. ಹನ್ನೊಂದೂವರೆಗೆ ಮಗಳು ಮನೆಯಲ್ಲಿರಬೇಕು. ಮಿತ್ಸುಯೊ ಬೆರಳು ಮಡಿಸಿ ಇನ್ನೊಮ್ಮೆ ಎಣಿಸಿ ನೋಡುತ್ತಾರೆ.

"ಇಪ್ಪತ್ತು ನಿಮಿಷ ಸಿಗುತ್ತೆ ಅವರಿಗೆ. ಅವನು ನಿಂತೇ ಇರ್ತಾನೆ, ಅವಳು ಪಕ್ಕದಲ್ಲಿ ಕೂತಿರ್ತಾಳೆ. ಸೊಕಿಚಿಗೆ ನಾನು ಯಾವತ್ತೂ ಪುಕ್ಕಟೆ ಏನೂ ಕೊಟ್ಟಿಲ್ಲ. ಇದೂ ಪುಕ್ಕಟೆ ಅಲ್ಲ, ನಡೆದು ತಂದಿದ್ದು."